ಹಳೆಯ ಸಣ್ಣ ಟ್ರಾಕ್ಟರಿಗೆ ಹೊಸ 'ಸೆಲ್ಫ್': ಕೊಳ್ಳುವ ಮುನ್ನ

ದ್ರಾಕ್ಷಿ ತೋಟಗಳಲ್ಲಿ ಹಾಗೂ ಸಣ್ಣ ಹಿಡುವಳಿಗಳಲ್ಲಿ ದುಡಿಯುತ್ತಿರುವ 20 ಅಶ್ವಶಕ್ತಿಯೊಳಗಿನ ಹಳೆಯ ಟ್ರಾಕ್ಟರುಗಳು ನಮ್ಮಲ್ಲಿ ಇಂದಿಗೂ ಇವೆ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಕಂಪನಿಯು ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ತಯಾರಿಸಿದ 18.5 ಅಶ್ವಶಕ್ತಿಯ, ಮೂರು ಸಿಲಿಂಡರಿನ ಎಂ.ಟಿ. 180 ಡಿ ಇವುಗಳಲ್ಲಿ ಪರಿಚಿತವಾದುದು. ಇಂತಹ ಯಂತ್ರಗಳಲ್ಲಿ ಎಂಜಿನ್ ಗಟ್ಟಿಯಾಗಿದ್ದರೂ ಸ್ಟಾರ್ಟರ್ ಮೋಟರು, ಅಂದರೆ ರೈತರು 'ಸೆಲ್ಫ್' ಎನ್ನುವ ಭಾಗ, ಕೈಕೊಡುವುದುಂಟು. ಬಿತ್ತನೆಯ ಹದ ತಪ್ಪೀತೆಂದು ಅವಸರದಲ್ಲಿ ಹೊಸ ಮೋಟರು ತಂದು ಜೋಡಿಸಿದ ಮೇಲೂ ಎಂಜಿನ್ ಹಿಂದಿನಂತೆಯೇ ತಿಣುಕಿದರೆ ಹಣವೂ ಹೋಯಿತು, ಹದವೂ ಹೋಯಿತು.

ಆದುದರಿಂದ ದೋಷವು ಮೋಟರಿನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸೆಲ್ಫ್ ಹೊಡೆಯುವಾಗ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ ಹರಿಯುತ್ತದೆ. ತಂತಿಯ ತುದಿಯಲ್ಲಿ ಕಿಲುಬು ಹಿಡಿದು ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ತಡೆ ಉಂಟಾದರೂ, 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಿರಿ. ಅನಂತರ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದಿಟ್ಟು, ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಧನ ತುದಿ ಮತ್ತು ಮೋಟರಿನ ದಪ್ಪ ತಂತಿಯ ಬೋಲ್ಟಿನ ನಡುವೆ ಮೀಟರ್ ಹಿಡಿಯಬೇಕು. ಹಾಗೆಯೇ ಋಣ ತುದಿ ಮತ್ತು ಮೋಟರಿನ ಮೈ ನಡುವೆಯೂ ನೋಡಬೇಕು. ಎರಡೂ ಕಡೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಮೋಟರಲ್ಲ, ತಂತಿ ಕೆಟ್ಟಿದೆ. ಅರ್ಥ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿರುವುದನ್ನು ಎಷ್ಟೋ ಟ್ರಾಕ್ಟರುಗಳಲ್ಲಿ ಕಾಣಬಹುದು.

ಮೋಟರೇ ಕೆಟ್ಟಿದ್ದರೂ ಕಾರ್ಬನ್ ಬ್ರಷ್, ಬುಷ್ ಅಥವಾ ಸಾಲಿನಾಯ್ಡ್ ಬದಲಾಯಿಸಿದರೆ ಸಾಕಾಗಬಹುದು. ಆರ್ಮೇಚರ್ ಸುಟ್ಟಿದ್ದರೆ ಮಾತ್ರ ಹೊಸದರ ಯೋಚನೆ ಮಾಡುವುದು ಮೇಲು.

ಅಂಗಡಿಗೆ ಟ್ರಾಕ್ಟರಿನ ಹೆಸರನ್ನಷ್ಟೇ ಹೇಳಿ ಹೋಗಬೇಡಿರಿ. ಬಿಚ್ಚಿದ ಹಳೆಯ ಮೋಟರನ್ನೇ ಜೊತೆಗೆ ಒಯ್ಯಿರಿ. (ಬಿಚ್ಚುವಾಗ ಬ್ಯಾಟರಿಯ ಋಣ ತಂತಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು.) ವೋಲ್ಟ್, ಕಿಲೋವ್ಯಾಟ್, ತಿರುಗುವ ದಿಕ್ಕು, ಬೋಲ್ಟಿನ ತೂತುಗಳ ಅಂತರ, ಪಿನಿಯನ್ ಹಲ್ಲುಗಳ ಸಂಖ್ಯೆ ಮತ್ತು ಗಾತ್ರ ಇವೆಲ್ಲ ಹೊಂದಬೇಕು. 9 ಹಲ್ಲಿನ ಜಾಗದಲ್ಲಿ 10 ಹಲ್ಲಿನದು ಕೂತಂತೆ ಕಂಡರೂ ಫ್ಲೈವೀಲಿನ ರಿಂಗ್ ಗೇರನ್ನು ತಿಂದುಹಾಕೀತು. ರಿಂಗ್ ಗೇರ್ ಬದಲಾಯಿಸಬೇಕಾದರೆ ಟ್ರಾಕ್ಟರನ್ನೇ ಎರಡು ಭಾಗ ಮಾಡಬೇಕಾಗುತ್ತದೆ. ಚಾಚುಪಟ್ಟಿಯಿಂದ ಪಿನಿಯನ್ ತುದಿಯವರೆಗಿನ ಅಳತೆಯನ್ನೂ ಸ್ಕೇಲಿನಿಂದ ನೋಡಿ ಹೋಲಿಸಿರಿ.

ಈಗ ಹಲವು ಮಾದರಿಗಳಿಗೆ ಗೇರ್ ರಿಡಕ್ಷನ್ ಮೋಟರುಗಳು ದೊರೆಯುತ್ತವೆ. ಇವುಗಳಲ್ಲಿ ಸಣ್ಣ ಆರ್ಮೇಚರ್ ವೇಗವಾಗಿ ತಿರುಗಿ, ಒಳಗಿನ ಗೇರಿನ ಮೂಲಕ ವೇಗ ತಗ್ಗಿ ಬಲ ಹೆಚ್ಚುತ್ತದೆ. ತೂಕವೂ ಕಡಿಮೆ, ಎಳೆಯುವ ವಿದ್ಯುತ್ತೂ ಕಡಿಮೆ. ಚಳಿಗಾಲದ ಮುಂಜಾನೆ ತಿಣುಕುವ ಹಳೆಯ ಡೀಸೆಲ್ ಎಂಜಿನ್ನಿಗೆ ಇದು ಒಳ್ಳೆಯ ಆಯ್ಕೆಯೆಂದು ನಮ್ಮ ಅಭಿಪ್ರಾಯ. ಆದರೆ ಇದರ ಮೈ ಪಕ್ಕಕ್ಕೆ ಉಬ್ಬಿರುವುದರಿಂದ ಆಯಿಲ್ ಫಿಲ್ಟರಿಗಾಗಲಿ ಪೈಪಿಗಾಗಲಿ ತಾಗದೆಂದು ನೋಡಿಯೇ ಹಣ ಕೊಡಬೇಕು.

ಮೋಟರು ಹೊರಗಿದ್ದಾಗಲೇ ಆ ಕಿಂಡಿಯಿಂದ ರಿಂಗ್ ಗೇರನ್ನು, ಎಂಜಿನ್ ಕೈಯಿಂದ ತಿರುಗಿಸುತ್ತ, ಸುತ್ತಲೂ ಪರೀಕ್ಷಿಸಿರಿ. ಮೂರು ಸಿಲಿಂಡರಿನ ಎಂಜಿನ್ ಒತ್ತಡಕ್ಕೆ ಸಿಕ್ಕಿ ಹೆಚ್ಚಾಗಿ ಮೂರೇ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲುಗಳು ಅಲ್ಲಿಯೇ ಸವೆದಿರುತ್ತವೆ.

ಸೆಲ್ಫ್ ಕೆಟ್ಟಿರುವಾಗ ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸಾಲಿನಾಯ್ಡಿನ ಎರಡು ಬೋಲ್ಟುಗಳನ್ನು ಕೂಡಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಹಲವರಲ್ಲಿದೆ. ಹೀಗೆ ಮಾಡಿದರೆ ಕ್ಲಚ್ ಅಥವಾ ನ್ಯೂಟ್ರಲಿನ ರಕ್ಷಣಾ ಸ್ವಿಚ್ ಇದ್ದೂ ಇಲ್ಲದಂತೆಯೇ. ಗೇರ್ ಬಿದ್ದಿದ್ದರೆ ಟ್ರಾಕ್ಟರ್ ಒಮ್ಮೆಲೇ ಮುನ್ನುಗ್ಗಿ, ಪಕ್ಕದಲ್ಲಿ ನಿಂತವನ ಮೇಲೆ ಹಿಂದಿನ ಚಕ್ರ ಹರಿಯುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಹೊಸ ಮೋಟರು ಬರುವವರೆಗೆ ಇಂತಹ ಉಪಾಯಕ್ಕೆ ಕೈಹಾಕಬೇಡಿರಿ. ಮನೆಯ ಹುಡುಗರಿಗೂ ಹೇಳಿಡಿರಿ.

ಹೊಸದನ್ನು ಜೋಡಿಸಿದ ಮೇಲೆ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಎಂಜಿನ್ ಹತ್ತದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು.