ಹೆಸರು ಹೇಳಬಾರದ ಮದ್ದು: ಬಜೆ ಹಸುಗೂಸಿಗೆ ಎಷ್ಟು ಕ್ಷೇಮ?

ದೇವಾಲ: ನಮ್ಮ ಕಡೆ ತೊಟ್ಟಿಲು ತೂಗುವ ಮನೆಯಲ್ಲಿ ಬಜೆ ಇಲ್ಲದಿರುವುದು ಅಪರೂಪ. ಕನ್ನಡದಲ್ಲಿ ಬಜೆ, ತಮಿಳಿನಲ್ಲಿ ವಸಂಬು, ಪಕ್ಕದ ವಯನಾಡಿನವರಿಗೆ ವಯಂಬು, ಆಯುರ್ವೇದದಲ್ಲಿ ವಚಾ. ಮಗುವನ್ನು ಬೆಳೆಸುವ ಮದ್ದೆಂದು ತಮಿಳರು ಇದನ್ನು 'ಪಿಳ್ಳೈ ವಳರ್ಪ್ಪಾನ್' ಎಂದೂ ಕರೆಯುತ್ತಾರೆ. ಹೆಸರು ಹೇಳಿ ಕೇಳಬಾರದೆಂಬ ನಂಬಿಕೆಯೂ ಇದೆ. ಆದರೆ ಈ ಮದ್ದಿನ ಬಗ್ಗೆ ಹೆಸರು ಹಿಡಿದೇ ಮಾತಾಡಬೇಕಾದ ಕಾಲ ಬಂದಿದೆ.

ಬಜೆ ಜೌಗು ನೆಲದ ಗಿಡ. ಕತ್ತಿಯಂಥ ಉದ್ದನೆಯ ಎಲೆ, ನೆಲದೊಳಗೆ ಗಂಟುಗಂಟಾದ ಘಾಟು ವಾಸನೆಯ ಬೇರು. ಶಾಸ್ತ್ರೀಯ ಹೆಸರು ಅಕೋರಸ್ ಕಲಾಮಸ್. ಈ ಬೇರನ್ನು ದೀಪದಲ್ಲಿ ಸುಟ್ಟು, ಕಲ್ಲಿನ ಮೇಲೆ ತಾಯಿಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಸವರುತ್ತಾರೆ. ಹೊಟ್ಟೆ ಉಬ್ಬರಕ್ಕೆ ಹೊಕ್ಕುಳ ಸುತ್ತ ಹಚ್ಚುವುದೂ ಉಂಟು. ಕೆಲವರು ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿಯನ್ನೂ ಜೊತೆಗೆ ತೇಯುತ್ತಾರೆ. ನಮ್ಮಮ್ಮನೂ ಹೀಗೇ ಮಾಡುತ್ತಿದ್ದರು.

ಹಾಗಾದರೆ ತೊಂದರೆ ಎಲ್ಲಿ? ಬೇರಿನ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ವಸ್ತುವಿದೆ. ನಮ್ಮ ದೇಶದ ಬಜೆಯಲ್ಲಿ ಇದರ ಅಂಶ ಬಹಳ ಹೆಚ್ಚು. ಇಲಿಗಳಿಗೆ ಈ ಎಣ್ಣೆಯನ್ನು ದೀರ್ಘಕಾಲ ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆಗಳು ಕಂಡವು. ಆದ್ದರಿಂದ 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. ಒಮ್ಮೆ ನೆಕ್ಕಿಸಿದ ಕೂಸಿಗೆ ಕ್ಯಾನ್ಸರ್ ಬರುತ್ತದೆ ಎಂದು ಇದರರ್ಥವಲ್ಲ, ಗಾಬರಿ ಬೇಡ. ಆದರೆ ದಿನವೂ ಕೊಡುವ ಅಭ್ಯಾಸ ಒಳ್ಳೆಯದಲ್ಲ.

ತಕ್ಷಣದ ಅಪಾಯ ಬೇರೆಯೇ. ಬಜೆ ಹೆಚ್ಚಾದರೆ ವಾಂತಿ ತರಿಸುತ್ತದೆ. ಆಯುರ್ವೇದಕ್ಕೂ ಇದು ಗೊತ್ತು, ವಾಂತಿ ಮಾಡಿಸಲು ಬಳಸುವ ಮದ್ದುಗಳಲ್ಲಿ ಇದೂ ಒಂದು. ವೈದ್ಯರು ಬೇರನ್ನು ಶುದ್ಧಿ ಮಾಡಿ ಅಳತೆ ನೋಡಿ ಕೊಡುತ್ತಾರೆ. ನಮ್ಮ ಮನೆಯ ಕಲ್ಲಿಗೆ ಅಳತೆ ಎಲ್ಲಿದೆ? ಅಜ್ಜಿ ಎರಡು ಸುತ್ತು ತೇಯ್ದರೆ ಅತ್ತೆ ಹತ್ತು ಸುತ್ತು ತೇಯುತ್ತಾರೆ. ಮೂರು ಕಿಲೋ ತೂಕದ ಕೂಸು ಪದೇ ಪದೇ ವಾಂತಿ ಮಾಡಿದರೆ ಬೇಗನೆ ನೀರಿನಂಶ ಕಳೆದುಕೊಂಡು ಸೊರಗುತ್ತದೆ.

ಜೇನಿನಲ್ಲಿ ತೇಯುವವರೂ ಇದ್ದಾರೆ. ಕಾಡಿನ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬದ ಮಗುವಿಗೆ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಕೂಸಿನ ಸ್ನಾಯುಗಳನ್ನು ಸೋಲಿಸಬಲ್ಲದು. ಬಜೆ ಮಣಿಯ ಬಳೆಯೂ ಅಪಾಯವೇ. ದಾರ ಕಿತ್ತು ಮಣಿ ಬಾಯಿಗೆ ಹೋದರೆ ಉಸಿರು ಕಟ್ಟೀತು.

ಬಜೆ ಕೊಟ್ಟರೆ ಮಾತು ಬೇಗ ಬರುತ್ತದೆ ಎಂಬುದಕ್ಕೆ ಗಟ್ಟಿ ವೈದ್ಯಕೀಯ ಪುರಾವೆ ಇಲ್ಲ. ಮಗು ಮಾತಾಡಲು ತಡಮಾಡಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಮತ್ತೇನು ಮಾಡುವುದು? ಮೊದಲ ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಬರೆದುಕೊಟ್ಟ ಔಷಧಿ ಮಾತ್ರ ಇದಕ್ಕೆ ಹೊರತು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಸಂಜೆ ಹೊತ್ತು ಅಳುವ ಹೊಟ್ಟೆನೋವು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಆದರೆ ಹಸಿರು ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಹಾಲು ಬಿಡುವುದು, ಎಬ್ಬಿಸಿದರೂ ಏಳದ ಮಂಪರು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಇವುಗಳಲ್ಲಿ ಒಂದು ಕಂಡರೂ ಕಲ್ಲು ಹುಡುಕಬೇಡಿ, ಆಸ್ಪತ್ರೆಗೆ ಹೊರಡಿ. ತಮಿಳುನಾಡು, ಕೇರಳ, ಕರ್ನಾಟಕ ಮೂರೂ ಕಡೆ ಆಂಬುಲೆನ್ಸಿಗೆ 108. ಬಜೆ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಬೈದರೂ ಸರಿ. ಏನು, ಎಷ್ಟು, ಯಾವಾಗ ಎಂದು ಹೇಳಿದರೆ ಚಿಕಿತ್ಸೆ ಸುಲಭ.

ಅಜ್ಜಿಯರ ಅಕ್ಕರೆಯಲ್ಲಿ ತಪ್ಪಿಲ್ಲ. ಆ ಅಕ್ಕರೆ ಕೂಸನ್ನು ಎತ್ತಿ ಆಡಿಸುವುದರಲ್ಲಿರಲಿ, ಬೇರು ತೇಯುವುದರಲ್ಲಿ ಬೇಡ.