ಸಕಲೇಶಪುರ, ಆಲೂರು ಭಾಗದ ಹಿರಿಯರು ಮತ್ತು ವಿಕಲಚೇತನರ ಮಾಸಾಶನ: ಯಾರಿಗೆ ಸಿಗುತ್ತದೆ, ಎಲ್ಲಿ ತಪ್ಪುತ್ತದೆ



ಹಾಸನ ಜಿಲ್ಲೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಶ್ರವಣಬೆಳಗೊಳ ಮತ್ತು ಹಳೇಬೀಡಿನ ಬಸದಿಗಳು. ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಆಲೂರಿನಿಂದ ಸಕಲೇಶಪುರದ ಕಡೆಗೆ, ಕಾಫಿ-ಮೆಣಸಿನ ಗುಡ್ಡಗಾಡಿದೆ. ಈ ಭಾಗದಲ್ಲಿ ನೆಲೆಸಿದ ಕುಟುಂಬಗಳನ್ನು ಹೊರಗಿನವರು "ತೋಟದವರು" ಎಂದೇ ಗುರುತಿಸುತ್ತಾರೆ. ಆದರೆ ಎರಡು ಎಕರೆ ತೋಟ ಇಟ್ಟುಕೊಂಡವರೂ ತೋಟದವರೇ, ಬೇರೆಯವರ ಎಸ್ಟೇಟಿನಲ್ಲಿ ರೈಟರ್ ಆಗಿ ದುಡಿದು ವಯಸ್ಸಾದ ಮೇಲೆ ಮನೆ ಸೇರಿದವರೂ ತೋಟದವರೇ. ಮಕ್ಕಳು ಬೆಂಗಳೂರು ಸೇರಿ, ಊರಿನ ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ ಉಳಿದಾಗ ಕೈಗೆ ಬರುವ ಹಣ ಎಷ್ಟೆಂಬುದು ಅವರಿಗೇ ಗೊತ್ತು.

ಮೊದಲು ಒಂದು ತಪ್ಪು ತಿಳುವಳಿಕೆ. ಜೈನ ಸಮುದಾಯಕ್ಕೆ ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಅಲ್ಪಸಂಖ್ಯಾತ ಮಾನ್ಯತೆ ನೀಡಿತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಮಕ್ಕಳ ವಿದ್ಯಾರ್ಥಿವೇತನಕ್ಕೆ, ಸಾಲ ಯೋಜನೆಗಳಿಗೆ ಇದು ಬೇಕು. ಹಿರಿಯರ ಮಾಸಾಶನಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ನೋಡುವುದು ವಯಸ್ಸು, ಆದಾಯ, ವಾಸ. ವಿಕಲಚೇತನರಾದರೆ ಅಂಗವೈಕಲ್ಯದ ಪ್ರಮಾಣ. ಹಾಗಾಗಿ "ನಮ್ಮ ಜಾತಿಗೆ ಕೊಡುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಪಸಂಖ್ಯಾತರೆಂದು ಹೆಚ್ಚೇನೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಿರಿಯರಿಗೆ ಮುಖ್ಯವಾಗಿ ಎರಡು ಯೋಜನೆಗಳಿವೆ. ಬಿಪಿಎಲ್ ಕುಟುಂಬದ 60 ವರ್ಷ ದಾಟಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. 65 ತುಂಬಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ಅಸಂಘಟಿತ ವಲಯದಲ್ಲಿ ದುಡಿದವರಿಗೆ 2007ರಲ್ಲಿ ಆರಂಭವಾದ ರಾಜ್ಯದ ಸಂಧ್ಯಾ ಸುರಕ್ಷಾ. 2021ರ ಏರಿಕೆಯ ನಂತರ 60ರಿಂದ 64ರವರೆಗೆ ತಿಂಗಳಿಗೆ 800 ರೂಪಾಯಿ, 65ರ ನಂತರ 1,200 ರೂಪಾಯಿ. ವಿಧವಾ ವೇತನ 800 ರೂಪಾಯಿ. ಮದುವೆಯಾಗದ ಅಥವಾ ವಿಚ್ಛೇದಿತರಾದ 40ರಿಂದ 64 ವರ್ಷದ ಬಡ ಮಹಿಳೆಯರಿಗೆ ಮನಸ್ವಿನಿ ಯೋಜನೆಯಲ್ಲಿ 800 ರೂಪಾಯಿ. ಕೂಡು ಕುಟುಂಬದಲ್ಲಿ ಅಣ್ಣ-ತಮ್ಮಂದಿರ ಮನೆಯಲ್ಲೇ ಉಳಿದುಹೋದ ಅಕ್ಕಂದಿರ ಹೆಸರು ಈ ಪಟ್ಟಿಗೆ ಬರಬಹುದೆಂದು ಎಷ್ಟೋ ಮನೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಒಬ್ಬರಿಗೆ ಒಂದೇ ಮಾಸಾಶನ. ವಿಧವಾ ವೇತನ ಪಡೆಯುತ್ತಿರುವ ತಾಯಂದಿರಿಗೆ 65 ತುಂಬಿದರೆ, 1,200 ರೂಪಾಯಿಯ ಹಿರಿಯರ ಮಾಸಾಶನಕ್ಕೆ ಬದಲಾಯಿಸಿಕೊಡುವಂತೆ ನಾಡಕಚೇರಿಯಲ್ಲಿ ಕೇಳಿ. ಗೃಹಲಕ್ಷ್ಮಿಯ 2,000 ರೂಪಾಯಿ ಮಾತ್ರ ಬೇರೆ ಲೆಕ್ಕ. ಅದು ಬಂದ ಮಾತ್ರಕ್ಕೆ ಮಾಸಾಶನ ನಿಲ್ಲಬೇಕಿಲ್ಲ.

ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಆದಾಯದ ಪ್ರಶ್ನೆಯಲ್ಲಿ. ಬಿಪಿಎಲ್ ರೇಷನ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಮಾಸಾಶನಕ್ಕೆ ಮಿತಿ 32,000 ರೂಪಾಯಿ. ಇವೆರಡನ್ನೂ ಒಂದೇ ಎಂದುಕೊಂಡು, ರೇಷನ್ ಕಾರ್ಡಿಗೆಂದು ಮಾಡಿಸಿದ ಹಳೆಯ ಆದಾಯ ಪ್ರಮಾಣಪತ್ರವನ್ನೇ ಲಗತ್ತಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಸಂಧ್ಯಾ ಸುರಕ್ಷಾದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅರ್ಜಿದಾರರು ಮತ್ತು ಅವರ ಪತಿ ಅಥವಾ ಪತ್ನಿಯ ಆದಾಯ. ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸಾರ ಮಾಡಿಕೊಂಡಿರುವ ಮಗನ ಸಂಬಳ ಸೇರಿಸಿ ನೀವೇ ದೊಡ್ಡ ಅಂಕಿ ಬರೆಸಬೇಡಿ. ಹಾಗೆಂದು ಮಗ ತಿಂಗಳು ತಿಂಗಳು ಹಣ ಕಳಿಸಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆ ಈ 1,200 ರೂಪಾಯಿಗೆ ಕೈಚಾಚುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ನಿಜವಾಗಿ ಇಲ್ಲದವರು ಸಂಕೋಚದಿಂದ ಹಿಂದೆ ಸರಿಯುವುದೂ ಬೇಡ. "ದಾನ ಕೊಟ್ಟ ಮನೆತನ, ಸರ್ಕಾರದ ಮುಂದೆ ಹೇಗೆ ನಿಲ್ಲುವುದು" ಎಂಬ ಮಾತನ್ನು ಕೇಳಿದ್ದೇವೆ. ಮಾಸಾಶನ ದಾನವಲ್ಲ. ಅರ್ಹತೆ ಇದ್ದವರಿಗೆ ಸರ್ಕಾರ ಕೊಡಲೇಬೇಕಾದ ಹಣ.

ತೋಟ ಇದ್ದವರಿಗೆ ಇನ್ನೊಂದು ತೊಡಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದು, ಹತ್ತು ಎಕರೆ ಒಟ್ಟಾಗಿ ಕಾಣುತ್ತದೆ. ಅದರಲ್ಲಿ ನಿಮ್ಮ ಪಾಲು ಒಂದೂವರೆ ಎಕರೆ ಎಂಬುದು ಕಾಗದದಲ್ಲಿ ಇಲ್ಲ. ಮೊದಲು ಪೌತಿ ಖಾತೆ ಮಾಡಿಸಿ, ನಂತರ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಒಳ್ಳೆಯದು. ಸಮಯ ಹಿಡಿಯುತ್ತದೆ, ನಿಜ. ಆದರೆ ಬೆಳೆ ಪರಿಹಾರಕ್ಕೂ ಬ್ಯಾಂಕ್ ಸಾಲಕ್ಕೂ ಇದೇ ಕಾಗದ ಬೇಕಾಗುತ್ತದೆ.

ಎಸ್ಟೇಟಿನಲ್ಲಿ ದುಡಿದವರು ಅರ್ಜಿ ಹಾಕುವ ಮುನ್ನ ಹಳೆಯ ಪಿಎಫ್ ಚೀಟಿ ಹುಡುಕಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ಪೂರೈಸಿದವರಿಗೆ 58ರ ನಂತರ ಪಿಂಚಣಿ ಸಿಗುತ್ತದೆ; 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಆ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಎಂದು ನೋಡಿಕೊಂಡು ಹೆಜ್ಜೆ ಇಡಿ.

ವಯಸ್ಸಿನ ದಾಖಲೆಗೆ ಈಗ ಆಧಾರ್ ಕಾರ್ಡೇ ಮುಖ್ಯ. ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಬರೆಸಿದ ಹುಟ್ಟಿದ ವರ್ಷ ಎಷ್ಟೋ ಹಿರಿಯರಿಗೆ ಮೂರು-ನಾಲ್ಕು ವರ್ಷದ ಮಾಸಾಶನ ತಪ್ಪಿಸಿದೆ. ಶಾಲೆಯ ಟಿಸಿ ಇದ್ದರೆ ಅದರ ಆಧಾರದ ಮೇಲೆ ತಿದ್ದಿಸಬಹುದು. ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಆದ್ದರಿಂದ ದಾಖಲೆ ಕೈಯಲ್ಲಿಟ್ಟುಕೊಂಡೇ ಹೋಗಿ. ಮಧ್ಯವರ್ತಿಗಳ ಮಾತು ಕೇಳಿ ವಯಸ್ಸು ಹೆಚ್ಚಿಸಿಕೊಂಡರೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಬರುತ್ತಿದ್ದುದೂ ನಿಲ್ಲುತ್ತದೆ.

ಅರ್ಜಿ ಕೊಡಬೇಕಾದದ್ದು ಹೋಬಳಿಯ ನಾಡಕಚೇರಿಯಲ್ಲಿ. ಸಕಲೇಶಪುರ ತಾಲ್ಲೂಕಿನಲ್ಲಿ ಕಸಬಾ, ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು. ಆಲೂರು ತಾಲ್ಲೂಕಿನಲ್ಲಿ ಕಸಬಾ, ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳಿವೆ. ಯಸಳೂರಿನವರು ಮಳೆಯಲ್ಲಿ ಸಕಲೇಶಪುರದ ತಾಲ್ಲೂಕು ಕಚೇರಿಯವರೆಗೆ ಹೋಗಿ, "ನಿಮ್ಮ ಹೋಬಳಿಯಲ್ಲೇ ಕೊಡಿ" ಎನಿಸಿಕೊಂಡು ಬರುವುದು ಬೇಡ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಖಾತೆಯ ಪಾಸ್‌ಬುಕ್, ಫೋಟೊ, ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ. ಸ್ಥಳ ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ವಿಎ ಎನ್ನುವವರು, ಮನೆಗೆ ಬರುತ್ತಾರೆ. ಮನೆ ಬಾಗಿಲಿಗೇ ಮಾಸಾಶನ ತಲುಪಿಸಲೆಂದು ಕಂದಾಯ ಇಲಾಖೆ 2022ರಲ್ಲಿ 155245 ಸಹಾಯವಾಣಿ ಆರಂಭಿಸಿತು. ಓಡಾಡಲಾಗದ ಹಿರಿಯರ ಪರವಾಗಿ ಮಕ್ಕಳು ಆ ಸಂಖ್ಯೆಗೆ ಕರೆ ಮಾಡಬಹುದು.

ಮಂಜೂರಾದ ಮಾಸಾಶನ ನಡುವೆ ನಿಂತರೆ ಮೊದಲು ನೋಡಬೇಕಾದದ್ದು ಬ್ಯಾಂಕ್. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು, ನೀವು ಮರೆತೇಬಿಟ್ಟ ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ ಜಮೆಯಾಗಿದೆ ಎಂದು ಕಾಣುತ್ತದೆ. ಮೊಮ್ಮಕ್ಕಳಿಗೆ ಐದು ನಿಮಿಷದ ಕೆಲಸ. ಕಾಫಿ ಕುಯ್ದು, ಕಳೆ ತೆಗೆದು ಸವೆದ ಕೈಗಳ ಬೆರಳಚ್ಚು ಯಂತ್ರಕ್ಕೆ ಹತ್ತದಿರುವುದು ಈ ಭಾಗದ ಹಳೆಯ ಗೋಳು. ಕಣ್ಣಿನ ಪಾಪೆ ಅಥವಾ ಮುಖದ ಮೂಲಕ ಗುರುತಿಸಲು ಕೇಳಿ.

ವಿಕಲಚೇತನರ ವಿಷಯಕ್ಕೆ ಬಂದರೆ, 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಡಿಮೆ ಕೇಳಿಸುವುದು, ಪಾರ್ಕಿನ್ಸನ್ ಕಾಯಿಲೆ, ಮಾನಸಿಕ ಅಸ್ವಸ್ಥತೆ ಕೂಡ ಅದರಲ್ಲಿವೆ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ವೈದ್ಯರ ತಪಾಸಣೆಗೆ ಹೋಗಬೇಕು. ಶೇ 40ಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ 800, ಶೇ 75 ದಾಟಿದರೆ 1,400 ರೂಪಾಯಿ. ಇಲ್ಲಿಯೂ ಆದಾಯದ ಮಿತಿ ಇದೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆ ಹುದ್ದೆ ಇರುವುದೇ ಇದಕ್ಕಾಗಿ.

ಬುದ್ಧಿಮಾಂದ್ಯ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಂದೆ-ತಾಯಿಗೆ ಇನ್ನೂ ಎರಡು ಮಾತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಗೂ ಅನ್ವಯಿಸುತ್ತದೆ. ಮಗುವಿಗೆ 18 ತುಂಬಿದ ಮೇಲೆ ತಂದೆ-ತಾಯಿ ತಾನಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಆದೇಶ ಪಡೆಯಬೇಕು. "ನಮ್ಮ ನಂತರ ಇವನಿಗೆ ಯಾರು" ಎಂದು ಚಿಂತಿಸುವವರು ತೋಟವನ್ನು ಪಾಲು ಮಾಡುವ ಮೊದಲೇ ಈ ಕೆಲಸ ಮುಗಿಸಬೇಕು.

ಪಾಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮಕ್ಕಳಿಗೆ ತೋಟ ಬರೆದುಕೊಡುವ ಹಿರಿಯರು ದಾನಪತ್ರದಲ್ಲಿ "ಕೊನೆಯವರೆಗೂ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಸ್ಪಷ್ಟವಾಗಿ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಸಕಲೇಶಪುರ, ಆಲೂರಿನವರು ಇದಕ್ಕೆ ಹೋಗಬೇಕಾದದ್ದು ಸಕಲೇಶಪುರದ ಉಪವಿಭಾಗಾಧಿಕಾರಿಗಳ ಬಳಿ. ಜೀವನಾಂಶದ ಅರ್ಜಿಯೂ ಅಲ್ಲೇ, ವಕೀಲರು ಬೇಕೇ ಬೇಕೆಂದಿಲ್ಲ. ಮನೆಯವರ ಮುಂದೆ ಹೇಳಿಕೊಳ್ಳಲಾಗದ ತೊಂದರೆ ಇದ್ದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಕರೆಗೆ ಶುಲ್ಕವಿಲ್ಲ.