ಸೋಫಾ ಹೊದಿಕೆ: ಅಳತೆಯಲ್ಲಿಯೇ ಲಾಭ-ನಷ್ಟ

ಹಬ್ಬದ ತಿಂಗಳುಗಳಲ್ಲಿ ಗೃಹಾಲಂಕಾರ ವಸ್ತ್ರಗಳ ಮಳಿಗೆಗೆ ಬರುವವರಲ್ಲಿ ಹೊಸ ಸೋಫಾ ಕೊಳ್ಳುವ ಬದಲು ಹಳೆಯದಕ್ಕೇ ಹೊಸ ಕಳೆ ತರಬಯಸುವವರು ಅನೇಕರು. ಮರದ ಚೌಕಟ್ಟು ಗಟ್ಟಿಯಾಗಿದ್ದು, ಕುಳಿತೆದ್ದ ಮೇಲೆ ಫೋಮ್ ಮತ್ತೆ ಉಬ್ಬುವಂತಿದ್ದರೆ ಇದು ವಿವೇಕದ ನಿರ್ಧಾರವೇ ಸರಿ. ಫೋಮ್ ಕುಸಿದಿದ್ದರೆ ಮಾತ್ರ ಎಂತಹ ಹೊದಿಕೆಯೂ ಅದನ್ನು ಮರೆಮಾಚಲಾರದು. ಸುಕ್ಕುಗಟ್ಟಿದ ಬಟ್ಟೆಯನ್ನು ಹಿಡಿದು ಗ್ರಾಹಕರು ಮರಳಿ ಬರುವುದು ವರ್ತಕರ ಬಳಿಗೇ. ಆದುದರಿಂದ ಬಣ್ಣದ ಮಾತಿಗೆ ಮೊದಲು ಫೋಮಿನ ವಿಚಾರಣೆ ನಡೆಯುವುದು ಉಭಯತರಿಗೂ ಕ್ಷೇಮ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಪಾಲಿಯೆಸ್ಟರ್ ಮತ್ತು ಸ್ಪ್ಯಾಂಡೆಕ್ಸ್ ಮಿಶ್ರಣದ, ಎಳೆದರೆ ಹಿಗ್ಗುವ ಸಿದ್ಧ ಹೊದಿಕೆಗಳು ಅಗ್ಗ; ಒಗೆದರೆ ಬೇಗ ಒಣಗುತ್ತವೆ. ಸರಳ ಚೌಕಾಕಾರದ, ಪೂರ್ಣ ಬಟ್ಟೆ ಹೊದಿಸಿದ ಸೋಫಾಗಳಿಗೆ ಅವು ಒಪ್ಪುತ್ತವೆ. ನಮ್ಮ ಮನೆಗಳಲ್ಲಿ ಇಂದಿಗೂ ಹೇರಳವಾಗಿರುವ, ಬರಿಯ ಮರದ ಕೈಗಳುಳ್ಳ ಸೋಫಾಗಳಿಗೆ ಅವು ನಿರುಪಯೋಗಿ. ಅಲ್ಲಿ ಬೇಕಾದುದು ಆಸನ ಮತ್ತು ಬೆನ್ನಿನ ಮೆತ್ತೆಗಳಿಗೆ ಜಿಪ್ ಇರುವ, ಅಳತೆಗೆ ಹೊಲಿದ ಗವಸು. ಅಂತರಜಾಲದ ಮಾರಾಟದ ಎದುರು ಸ್ಥಳೀಯ ವರ್ತಕ ಹಾಗೂ ಆತನ ದರ್ಜಿಗೆ ಉಳಿದಿರುವ ನಿಜವಾದ ಬಲವೆಂದರೆ ಇದೇ.

ಆದರೆ ನಷ್ಟದ ಮೂಲವೂ ಇಲ್ಲಿಯೇ ಅಡಗಿದೆ. ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ, ಅದೂ ಹಾಸಿನ ದಿಕ್ಕಿನಲ್ಲಿ ಸಾಮಾನ್ಯವಾಗಿ ಹೆಚ್ಚು. 200 ಸೆಂಟಿಮೀಟರ್ ಉದ್ದದ ಗವಸು ಶೇಕಡಾ 4ರಷ್ಟು ಕುಗ್ಗಿದರೂ 8 ಸೆಂಟಿಮೀಟರ್ ಕಡಿಮೆಯಾಗಿ, ಮೆತ್ತೆಗೆ ತೊಡಿಸಲಾಗದೆ ಹೋಗುತ್ತದೆ. ಆಗ ಬಟ್ಟೆಯ ಬೆಲೆಯ ಜೊತೆಗೆ ಹೊಲಿಗೆಯ ಕೂಲಿಯೂ ಅಂಗಡಿಯ ತಲೆಗೇ ಬರುತ್ತದೆ. ಕತ್ತರಿಸುವ ಮುನ್ನ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸುವ ಹಳೆಯ ದರ್ಜಿಗಳ ಪದ್ಧತಿಯನ್ನು ಅವಸರದಲ್ಲಿ ಕೈಬಿಟ್ಟವರು ಪಶ್ಚಾತ್ತಾಪ ಪಟ್ಟಿದ್ದಾರೆ. ದೊಡ್ಡ ಹೂವಿನ ಅಥವಾ ಪಟ್ಟೆಯ ವಿನ್ಯಾಸವಾದರೆ ಒಂದು ಮೆತ್ತೆಯಿಂದ ಇನ್ನೊಂದಕ್ಕೆ ಚಿತ್ರ ಹೊಂದಿಸಲು ಹೆಚ್ಚುವರಿ ಬಟ್ಟೆ ಬೇಕು. 54 ಅಂಗುಲ ಅಗಲದ ಥಾನಿನಲ್ಲಿ ಎಷ್ಟು ತುಂಡು ಏಳುತ್ತದೆಂಬುದನ್ನು ಗ್ರಾಹಕರ ಎದುರೇ ಕಾಗದದ ಮೇಲೆ ಬರೆದು ತೋರಿಸಿದರೆ ಮುಂದೆ ವಾದವೇಳದು.

ಬಟ್ಟೆಯ ಆಯ್ಕೆಗೆ ಊರೂ ಮುಖ್ಯ. ಕರಾವಳಿಯ ಮಳೆಗಾಲದಲ್ಲಿ ದಪ್ಪ ಶೆನಿಲ್ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಧೂಳು ಹೆಚ್ಚಿರುವ ಬಯಲುಸೀಮೆಯಲ್ಲಿ ಒತ್ತು ನೇಯ್ಗೆಯ, ಮೇಲಿಂದ ಮೇಲೆ ಒಗೆಯಬಹುದಾದ ಬಟ್ಟೆಯೇ ಲೇಸು. ಸವೆತವನ್ನು ಅಳೆಯುವ ಮಾರ್ಟಿಂಡೇಲ್ ಪರೀಕ್ಷೆಯಲ್ಲಿ ಮನೆಬಳಕೆಗೆ ಸಾಮಾನ್ಯವಾಗಿ 15,000ದಿಂದ 25,000 ಉಜ್ಜುವಿಕೆಗಳನ್ನು ತಾಳುವ ಬಟ್ಟೆ ಸಾಕು. ಸಗಟು ಸರಬರಾಜುದಾರರಿಂದ ಈ ಅಂಕಿಯನ್ನು ಕೇಳಿ ಪಡೆಯಬೇಕು. ಬಣ್ಣ ಬಿಡುವುದೋ ಎಂಬುದಕ್ಕೆ ಪ್ರಯೋಗಾಲಯವೇ ಬೇಕಿಲ್ಲ, ಒದ್ದೆ ಮಾಡಿದ ಬಿಳಿಯ ಕರವಸ್ತ್ರದಿಂದ ಮಾದರಿಯನ್ನು ಉಜ್ಜಿದರೆ ಸಾಕಷ್ಟು ತಿಳಿಯುತ್ತದೆ.

ಹರಿಯಾಣದ ಪಾಣಿಪತ್, ತಮಿಳುನಾಡಿನ ಕರೂರು ಮತ್ತು ಕೇರಳದ ಕಣ್ಣೂರು ಈ ಬಗೆಯ ವಸ್ತ್ರಗಳಿಗೆ ಹೆಸರಾದ ಕೇಂದ್ರಗಳು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗಳನ್ನು ತೆರೆದುದು ಕಣ್ಣೂರಿನಲ್ಲಿ ಮಾತ್ರವಲ್ಲ, ಮಂಗಳೂರಿನಲ್ಲಿ ಕೂಡ. ಕಣ್ಣೂರಿನ ಗೃಹವಸ್ತ್ರಕ್ಕೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಮಂಗಳೂರಿಗೆ ಅಂತಹ ಭಾಗ್ಯ ಒದಗಲಿಲ್ಲ.

ತೆರಿಗೆಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ, ಸಿದ್ಧ ಹೊದಿಕೆಯೊಂದರ ಬೆಲೆ 2,500 ರೂಪಾಯಿಯವರೆಗೆ ಇದ್ದರೆ ಶೇಕಡಾ 5, ಮೀರಿದರೆ ಶೇಕಡಾ 18 ತೆರಿಗೆ ಅನ್ವಯಿಸುತ್ತದೆ. ಐದು ಆಸನಗಳ ಹೊದಿಕೆಗಳನ್ನು ಒಂದೇ ಕಟ್ಟಾಗಿ ಮಾರುವವರು ಬಿಲ್ಲನ್ನು ಬರೆಯುವ ಕ್ರಮವನ್ನು ಹಬ್ಬದ ದಾಸ್ತಾನು ತರಿಸುವ ಮುನ್ನವೇ ತಮ್ಮ ತೆರಿಗೆ ಸಲಹೆಗಾರರೊಡನೆ ಖಚಿತಪಡಿಸಿಕೊಳ್ಳುವುದು ಒಳಿತು.